ಎರೆ ನೆಲದ ಮೇಲೊಂದು ಊಟದ ಮೇಜು

ಮರಗೆಲಸ ಕಲಿಯಲು ನನ್ನ ಮಗನ ಅಂಗಡಿಗೆ ಬರುವ ಹುಡುಗರು ಮೊದಲು ಕೇಳುವುದು ಯಾವ ಮಷೀನು ಕೊಳ್ಳಬೇಕು ಎಂದು. ಅದಾದ ಮೇಲೆ ನನ್ನ ಕಡೆ ತಿರುಗಿ, “ಅಜ್ಜಾರ, ನೀವು ಮಷೀನ ಇಲ್ದ ಹೆಂಗ ಮಾಡ್ತಿದ್ರಿ?” ಎನ್ನುತ್ತಾರೆ. ಉತ್ತರ ಹೇಳಲು ಶುರು ಮಾಡುವಷ್ಟರಲ್ಲಿ ಅವರಿಗೆ ಫೋನು ಬರುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಬರೆಯುವಾಗ ಒಂದು ಅನುಕೂಲ, ನಡುವೆ ಎದ್ದು ಹೋಗುವವರು ಕಣ್ಣಿಗೆ ಬೀಳುವುದಿಲ್ಲ.

ನಾನು ಮಲ್ಲಪ್ಪ, ಅಣ್ಣಿಗೇರಿಯ ಬಡಿಗ. ಕಣ್ಣಿಗೆ ಪೊರೆ ಬಂದು, ಎಳೆದ ಒಂದು ಗೆರೆ ಎರಡಾಗಿ ಕಾಣತೊಡಗಿದಾಗ ಕೆಲಸ ಬಿಟ್ಟೆ. ಆಪರೇಷನ್ ಆದ ಮೇಲೆ ಗೆರೆ ಮತ್ತೆ ಒಂದಾಯಿತು. ಆದರೆ ಅಷ್ಟರಲ್ಲಿ ಮಧ್ಯಾಹ್ನ ಮಲಗುವ ರುಚಿ ಹತ್ತಿಬಿಟ್ಟಿತ್ತು. ಎಷ್ಟು ಬಾಗಿಲು, ಎಷ್ಟು ಹೊರಸು, ಎಷ್ಟು ಕಪಾಟು ಮಾಡಿದೆ ಎಂಬ ಲೆಕ್ಕ ನನ್ನ ಹತ್ತಿರ ಇಲ್ಲ. ಇದ್ದರೂ ಅದನ್ನು ಓದಿ ನಿಮಗೇನೂ ಆಗಬೇಕಾದದ್ದಿಲ್ಲ.

ನಾನು ಹೇಳಬೇಕೆಂದಿರುವುದು ನಮ್ಮ ಮನೆಗೆ ಮಾಡಿದ ಒಂದು ಊಟದ ಮೇಜಿನ ವಿಷಯ. ನನ್ನ ಹೆಂಡತಿ ಸಂಗವ್ವನಿಗೆ ಮೊಣಕಾಲು ಕೈಕೊಟ್ಟು, ಅವಳು ನಮ್ಮೆಲ್ಲರ ಜೊತೆ ನೆಲದ ಮೇಲೆ ಕೂತು ಉಣ್ಣುವುದು ನಿಂತುಹೋಗಿತ್ತು. ಅವಳನ್ನು ಮತ್ತೆ ಪಂಕ್ತಿಗೆ ತರಬೇಕಿತ್ತು. ಜೀವಮಾನವಿಡೀ ಕಟ್ಟಿಗೆ ಕೊರೆದವನಿಗೆ ಇದೇನು ಮಹಾ ಎಂದುಕೊಂಡು ಕೈ ಹಾಕಿದೆ, ಸರಿಯಾಗಿ ಮುಖಭಂಗ ಮಾಡಿಸಿಕೊಂಡೆ. ಅದು ಯಾಕೆಂದು ಗೊತ್ತಾಗಬೇಕಾದರೆ ನನ್ನ ಉಸ್ತಾದರಿಂದ ಶುರು ಮಾಡಬೇಕು.

ಉಸ್ತಾದರ ಹೆಸರು ಇಮಾಮಸಾಬ. ಒಂದು ಬೇವಿನ ಗಿಡದ ಬುಡವೇ ಅವರ ಕಾರ್ಖಾನೆ. ಮಳೆ ಬಂದರೆ ತಾಡಪಾಲು, ಬಿಸಿಲಾದರೆ ಗಿಡದ ನೆರಳು. ಬೈಗುಳದಲ್ಲಿ ಧಾರಾಳಿ, ಹೊಗಳಿಕೆಯಲ್ಲಿ ಅಗದಿ ಜಿಪುಣ. ನಾನು ರಂದ ಹೊಡೆದು ಹಲಗೆಯನ್ನು ಕನ್ನಡಿಯಂತೆ ಮಾಡಿ ಕೊಟ್ಟರೆ, ಅದರ ಮೇಲೆ ಕೈಯಾಡಿಸಿ “ಹ್ಞೂಂ” ಎನ್ನುತ್ತಿದ್ದರು. ಆ ‘ಹ್ಞೂಂ’ ಸಿಕ್ಕ ದಿನ ನಾನು ಮನೆಗೆ ಹಾಡುತ್ತ ಹೋಗುತ್ತಿದ್ದೆ.

ಯಾವ ಮನೆಗೆ ಕೆಲಸಕ್ಕೆ ಹೋದರೂ ಅವರದೊಂದು ರೂಢಿ ಇತ್ತು. ಒಳಗೆ ಕಾಲಿಟ್ಟ ಕೂಡಲೇ “ಒಂದ ತಂಬಿಗಿ ನೀರ ಕೊಡ್ರೆವಾ” ಎನ್ನುವರು. ಬಾಯಾರಿರಬೇಕು ಎಂದು ಮನೆಯವರು ತಣ್ಣನೆಯ ನೀರು ತಂದುಕೊಡುವರು. ಉಸ್ತಾದರು ಒಂದು ಗುಟುಕು ಕುಡಿದು, ಉಳಿದದ್ದನ್ನು ನಡುಮನೆಯ ನೆಲದ ಮೇಲೆ ಸುರಿದುಬಿಡುವರು. ಆಗತಾನೇ ಸಾರಿಸಿದ ನೆಲವಾದರೆ ಮನೆಯ ಹೆಣ್ಣುಮಕ್ಕಳ ಮುಖ ನೋಡಬೇಕಿತ್ತು. ಇವರು ಮಾತ್ರ ಕುಕ್ಕರುಗಾಲಲ್ಲಿ ಕೂತು, ನೀರು ಎಲ್ಲಿಗೆ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡುವರು.

“ಮೊದಲ ನೆಲಾ ನೋಡಲೇ ಮಲ್ಯಾ,” ಎನ್ನುವರು. “ಕಟ್ಟಿಗಿ ನಿನ್ನ ಮಾತ ಕೇಳತೈತಿ. ನೆಲಾ ಯಾರ ಮಾತೂ ಕೇಳಂಗಿಲ್ಲ.”

ನಮ್ಮ ಕಡೆಯ ಕರಿ ಎರೆ ಮಣ್ಣು ಬಲ್ಲವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುವ ಮಣ್ಣು ಮಳೆ ಬಿದ್ದರೆ ಉಬ್ಬಿ ಕೂರುತ್ತದೆ. ಅದರ ಮೇಲೆ ಕಟ್ಟಿದ ಮನೆಯೂ ಅದರ ಜೊತೆ ಏಳುತ್ತದೆ, ಬೀಳುತ್ತದೆ. ಪರಸಿ ಕಲ್ಲು ಹಾಸಿದ ನೆಲದಲ್ಲಿ ಈ ವರ್ಷ ಈ ಕಲ್ಲು ಮೇಲೆ, ಮುಂದಿನ ವರ್ಷ ಆ ಕಲ್ಲು. ಈಚೆಗೆ ಬುನಾದಿಗೆ ಕಾಂಕ್ರೀಟು ಸುರಿಯುತ್ತಾರೆ, ಆಳಕ್ಕೆ ಹೋಗುತ್ತಾರೆ. ನಮ್ಮ ಕಾಲದ ಮನೆಗಳು ಮಾತ್ರ ಉಸಿರಾಡುತ್ತಿದ್ದವು.

ಈ ಉಸಿರಾಟದ ಮೊದಲ ಪಾಠ ನನಗೆ ಆದದ್ದು ಒಬ್ಬ ಕಾಳಿನ ವ್ಯಾಪಾರಿಯ ಮನೆಯಲ್ಲಿ. ಶ್ರಾವಣದಲ್ಲಿ ಬಾಗಿಲು ಹಾಕಲು ಬರುತ್ತಿಲ್ಲವೆಂದು ಕರೆಸಿದರು. ಉಸ್ತಾದರು ಸಂತೆಗೆ ಹೋಗಿದ್ದರು. ನಾನೇ ಹೋಗಿ, ಬಾಗಿಲು ಚೌಕಟ್ಟಿಗೆ ಒತ್ತುತ್ತಿದ್ದ ಕಡೆ ಚೆನ್ನಾಗಿ ರಂದ ಹೊಡೆದು, ಬಾಗಿಲು ಗಾಳಿಯಂತೆ ಆಡುವ ಹಾಗೆ ಮಾಡಿ ಬಂದೆ. ವ್ಯಾಪಾರಿ ಬೆನ್ನು ತಟ್ಟಿ ಚಹಾ ಕುಡಿಸಿದರು. ಬೇಸಿಗೆ ಬಂದಾಗ ಅದೇ ವ್ಯಾಪಾರಿ ಗಿಡದ ಬುಡಕ್ಕೆ ಬಂದು ನಿಂತರು.

“ಏನ್ ಬಾಗಲಾ ಮಾಡಿಯೋ ಮಾರಾಯಾ. ಕದಾ ಹಾಕಿದ್ರೂ ಬೆಕ್ಕ ಒಳಗ ಬರ್ತೈತಿ. ಹಾಲಿನ ಬೋಗುಣಿ ಮ್ಯಾಲ ನನ್ನ ಹೆಂಡತಿ ಬೀಸಕಲ್ಲ ಇಡಾಕ ಹತ್ತ್ಯಾಳ.”

ಮಳೆಗಾಲದಲ್ಲಿ ಬಾಗಿಲಿಗೆ ರಂದ ಮುಟ್ಟಿಸಬಾರದು, ಮನೆ ತಾನಾಗಿ ಇಳಿಯುವ ತನಕ ಕಾಯಬೇಕು ಎಂಬುದು ಆವತ್ತು ತಿಳಿಯಿತು. ಉಸ್ತಾದರು ಬೈಯಲಿಲ್ಲ. ಅಂಚಿಗೆ ಒಂದು ಪಟ್ಟಿ ಕೂಡಿಸಿ ಕೊಟ್ಟರು. ಆದರೆ ಆಮೇಲೆ ಬಹಳ ದಿನ ನನ್ನನ್ನು ‘ಬೆಕ್ಕಿನ ಬಡಿಗ’ ಎಂದೇ ಕರೆದರು.

ಮಿಶ್ರಿಕೋಟಿಯ ಚೌಕಟ್ಟಿನ ಕಥೆಯನ್ನೂ ಹೇಳಿಬಿಡುತ್ತೇನೆ. ಉಸ್ತಾದರು ಟೇಪು ಹಿಡಿಯುತ್ತಿರಲಿಲ್ಲ. ಒಂದೊಂದು ಮನೆಗೆ ಒಂದೊಂದು ಬಿದಿರಿನ ಕೋಲು, ಅದರ ಮೇಲೆ ಆ ಮನೆಯ ಅಳತೆಗಳಿಗೆ ಕಚ್ಚು. ಕೋಲುಗಳೆಲ್ಲ ಗಿಡದ ಟೊಂಗೆಗೆ ಒಟ್ಟಿಗೇ ತೂಗಾಡುತ್ತಿದ್ದವು. ಮಿಶ್ರಿಕೋಟಿಯ ಹೊಸ ಮನೆಯ ತಲಬಾಗಿಲಿಗೆ ಚೌಕಟ್ಟು ಮಾಡುವಾಗ ಉಸ್ತಾದರು ಬೇರೆ ಯಾರದೋ ಮನೆಯ ಕೋಲು ಇಳಿಸಿಕೊಂಡಿದ್ದರು. ಯಾರಿಗೂ ಗೊತ್ತಾಗಲಿಲ್ಲ. ಬಸ್ಸಿನ ಮೇಲೆ ಹಗ್ಗ ಕಟ್ಟಿ ಚೌಕಟ್ಟು ಒಯ್ದೆವು. ಅಲ್ಲಿ ಮುಹೂರ್ತಕ್ಕೆ ಹೊತ್ತಾಗಿತ್ತು. ಇಳಿಸಿದ ಕೂಡಲೇ ಚೌಕಟ್ಟನ್ನು ಗೋಡೆಗೆ ಒರಗಿಸಿ ವಿಭೂತಿ ಹಚ್ಚಿದರು, ಮುತ್ತೈದೆಯರು ಆರತಿ ಮಾಡಿದರು, ಕಾಯಿ ಒಡೆದರು. ಎಲ್ಲ ಮುಗಿಸಿ ಎತ್ತಿ ನಿಲ್ಲಿಸಲು ಹೋದರೆ ಚೌಕಟ್ಟು ಗೋಡೆಯಲ್ಲಿ ಬಿಟ್ಟ ಸಂದಿಗಿಂತ ಒಂದು ಮುಷ್ಟಿ ಅಗಲ!

ಉಸ್ತಾದರ ಮುಖದಲ್ಲಿ ರಕ್ತವೇ ಇಲ್ಲ. “ತಿರುಗಿ ಒಯ್ದು ಕಡಿಮಿ ಮಾಡ್ಕೊಂಡ ಬರ್ತೇವ್ರಿ ಯಜಮಾನ್ರ,” ಎಂದರು.

ಮನೆಯ ಯಜಮಾನರು ಚೌಕಟ್ಟು ನೋಡಿದರು, ಗೋಡೆ ನೋಡಿದರು. “ಪೂಜಿ ಆದ ಬಾಗಲಾ ತಿರುಗಿ ಹೊಳ್ಳಿ ಹೋಗಂಗಿಲ್ಲ ಇಮಾಮಸಾಬ. ಲೇ ಗೌಂಡ್ಯಾ, ಗ್ವಾಡಿ ಒಡಿ!”

ಹಸಿ ಗೋಡೆಯನ್ನೇ ಕೆತ್ತಿ ಚೌಕಟ್ಟು ಕೂಡಿಸಿದರು. ಬರುವಾಗ ಬಸ್ಸಿನಲ್ಲಿ ಉಸ್ತಾದರು ಒಮ್ಮೆಲೇ ನಗತೊಡಗಿದರು. ನನಗೂ ತಡೆಯಲಾಗಲಿಲ್ಲ. ಮನುಷ್ಯರು ತಮ್ಮ ಪದ್ಧತಿ ಬಿಡುವುದಿಲ್ಲ, ಬೇಕಾದರೆ ಗೋಡೆ ಒಡೆಯುತ್ತಾರೆ ಎಂಬುದನ್ನು ನಾನು ಆವತ್ತೇ ಮನಸ್ಸಿಗೆ ಹಾಕಿಕೊಳ್ಳಬೇಕಿತ್ತು.

ನಾನು ಸ್ವತಂತ್ರವಾಗಿ ಕೆಲಸ ಹಿಡಿದ ಮೇಲೆ ಮಾಡಿದ ಮೊದಲ ಊಟದ ಮೇಜು ನವಲಗುಂದದ ಕಡೆಯ ಒಬ್ಬ ಗೌಡರ ಮನೆಗೆ. ಅವರ ಮನೆಗೆ ಕಾಲೇಜು ಕಲಿತ ಸೊಸೆ ಬರುವವಳಿದ್ದಳು. ‘ನಮ್ಮ ಮನ್ಯಾಗೂ ಒಂದ ಡೈನಿಂಗ್ ಟೇಬಲ್ ಇರ್ಲಿ’ ಎಂದು ಗೌಡರಿಗೆ ಹುರುಪು. ನಾಲ್ಕು ಕಾಲಿನ, ಎಂಟು ಮಂದಿ ಕೂರುವ, ಸಾಗವಾನಿಯ ಮೇಜು ಮಾಡಿದೆ. ಮೇಲ್ಮೈಯಲ್ಲಿ ಮುಖ ಕಾಣುವಂಥ ಪಾಲಿಶು. ಮೊದಲ ದಿನದ ಊಟಕ್ಕೆ ನನ್ನನ್ನೂ ಕೂರಿಸಿದರು.

ಎಲ್ಲರೂ ಕುರ್ಚಿಯಲ್ಲಿ ಕೂತ ಮೇಲೆ ಗೌಡರ ತಾಯಿ ಬಂದರು. ಕುಳ್ಳಗಿನ ಹಿರಿಯ ಜೀವ. ಅವರ ಹಿಂದೆ ಆಳೊಬ್ಬಳು ಹಿತ್ತಾಳೆಯ ಅಡ್ಡಣಿಗೆ ಹಿಡಿದು ಬಂದಳು. ಅಡ್ಡಣಿಗೆ ಎಂದರೆ ಗೇಣೆತ್ತರದ, ಮೂರು ಕಾಲಿನ ಪೀಠ. ನೆಲದ ಮೇಲೆ ಊಟಕ್ಕೆ ಕೂತಾಗ ಗಂಗಾಳ ನೆಲ ಮುಟ್ಟಬಾರದೆಂದು ಅದರ ಮೇಲೆ ಇಡುತ್ತಾರೆ. ನಮ್ಮ ಕಡೆಯ ಶಿವಭಕ್ತರ ಮನೆಗಳಲ್ಲಿ ಹಿರಿಯರಿಗೆ ಅದಿಲ್ಲದೆ ಊಟವಿಲ್ಲ. ಆಳು ಅದನ್ನು ನನ್ನ ಹೊಸ ಮೇಜಿನ ಮೇಲೆ ಇಟ್ಟಳು. ಅದರ ಮೇಲೆ ಗಂಗಾಳ ಇಟ್ಟಳು. ಗಂಗಾಳ ನೇರವಾಗಿ ಅಜ್ಜಿಯ ಗದ್ದಕ್ಕೆ ಬಂದು ನಿಂತಿತು.

ಅಜ್ಜಿ ಗಂಗಾಳದ ಅಂಚಿನಿಂದ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು.

“ಏನೋ ಬಡಿಗ್ಯಾ, ನನ್ನ ಉಣ್ಣಾಕ ಕುಂದ್ರಿಸಿಯೋ, ಗ್ವಾಡಿ ಹಿಂದ ನಿಂತ ಇಣುಕಾಕ ಕುಂದ್ರಿಸಿಯೋ?”

ಆವತ್ತು ನಕ್ಕ ನಗು ಹೊಟ್ಟೆ ಹುಣ್ಣಾಗುವಂಥದ್ದು. ಅಜ್ಜಿ ಎದ್ದು ಎಂದಿನಂತೆ ನೆಲದ ಮೇಲೆ ಕೂತು ಉಂಡರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಅಜ್ಜಿಯ ಜೊತೆಗೇ ಇಳಿದರು. ಮುಂದೆ ಯಾವಾಗಲೋ ಹೋದಾಗ ನೋಡಿದೆ. ನನ್ನ ಮೇಜಿನ ಮೇಲೆ ಇಸ್ತ್ರಿ ಬಟ್ಟೆ, ಬೀಜದ ಪಾಕೀಟು, ಉಳ್ಳಾಗಡ್ಡಿ, ಮಕ್ಕಳ ಪಾಟಿಚೀಲ, ಒಂದು ಕೆಟ್ಟ ರೇಡಿಯೊ, ಎಲ್ಲ ಇದ್ದವು. ಊಟ ಒಂದಿರಲಿಲ್ಲ. ಒಂದು ಕಾಲಿನ ಕೆಳಗೆ ಮಡಚಿದ ರಟ್ಟು ಇತ್ತು. ಆ ರಟ್ಟನ್ನು ನಾನು ಕಂಡೆ, ಕಂಡೂ ಅದರ ಬಗ್ಗೆ ಯೋಚಿಸಲಿಲ್ಲ.

ಮಷೀನುಗಳು ಬಂದ ಕಾಲವನ್ನು ಹೇಳುವಾಗ ನನ್ನ ವಾರಿಗೆಯವರು ಗೋಳಾಡುತ್ತಾರೆ. ನನಗೆ ಗೋಳಿಲ್ಲ. ಚಳಿಗಾಲದ ಮುಂಜಾನೆ ಸಾಗವಾನಿ ತೊಲೆಯನ್ನು ಇಬ್ಬರು ಎಳೆಯುವ ಗರಗಸದಲ್ಲಿ ಸೀಳಿದವನಿಗೆ, ಗುಂಡಿ ಒತ್ತಿದರೆ ಸೀಳುವ ಮಷೀನು ದೇವರಂತೆ ಕಾಣದಿದ್ದರೆ ಅವನಲ್ಲೇ ಏನೋ ದೋಷವಿದೆ. ನನ್ನ ಮಗ ಬಸು ಪ್ಲೈವುಡ್ಡಿನ ಕೆಲಸ ಮಾಡುತ್ತಾನೆ. ಅಡಿಗೆಮನೆಯ ಕಪಾಟು, ಟೀವಿಯ ಗೂಡು, ಎಲ್ಲ ಅಚ್ಚುಕಟ್ಟು. ಅವನು ಅಳತೆ ತೆಗೆಯುವುದು ಕೆಂಪು ಬೆಳಕಿನ ಒಂದು ಡಬ್ಬಿಯಲ್ಲಿ. ಉಸ್ತಾದರ ತಂಬಿಗೆ ನೀರು ಮಾಡುತ್ತಿದ್ದ ಕೆಲಸವನ್ನು ಅದು ನೆಲ ಒದ್ದೆ ಮಾಡದೆ ಮಾಡುತ್ತದೆ. ನಾನು ಅವನಿಗೆ ಹೇಳುವುದಿಷ್ಟೇ, ಪ್ಲೈವುಡ್ಡಿಗೆ ವಾಸನೆ ಇಲ್ಲ. ಅವನು ಹೇಳುವುದಿಷ್ಟೇ, “ಗಿರಾಕಿ ವಾಸನಿ ಕೇಳಂಗಿಲ್ಲಪಾ.” ನಮ್ಮಿಬ್ಬರ ಜಗಳ ಇದಕ್ಕಿಂತ ಮುಂದೆ ಹೋದದ್ದಿಲ್ಲ.

ಇನ್ನು ನಮ್ಮ ಮನೆಯ ಮಾತು. ನಮ್ಮಲ್ಲಿ ಊಟವೆಂದರೆ ನಡುಮನೆಯಲ್ಲಿ ಸುತ್ತುಗಟ್ಟಿ ಕೂರುವುದು. ರೊಟ್ಟಿ ಬುಟ್ಟಿ ಯಾವಾಗಲೂ ಸಂಗವ್ವನ ಬಾಜು. ಯಾರ ಗಂಗಾಳ ಬರಿದಾಯಿತು, ಯಾರು ಕಾಯಿಪಲ್ಯೆ ಬದಿಗೆ ಸರಿಸಿದರು, ಯಾರು ಉಣ್ಣುವಾಗ ಫೋನು ಹಿಡಿದರು, ಎಲ್ಲ ಅವಳ ಕಣ್ಣಿಗೆ ಬೀಳಬೇಕು. ಬಸುವಿಗೆ ಬೈದದ್ದು, ಸೊಸೆ ಕವಿತಾಳಿಗೆ ತುಪ್ಪ ಬಡಿಸಿದ್ದು, ನನ್ನ ಉಪ್ಪಿನಕಾಯಿಗೆ ಕಡಿವಾಣ ಹಾಕಿದ್ದು, ಎಲ್ಲ ಒಂದೇ ಉಸಿರಿನಲ್ಲಿ. ಅವಳ ಗಂಗಾಳಕ್ಕೆ ಕಟ್ಟಿಗೆಯ ಅಡ್ಡಣಿಗೆ. ಮದುವೆಯಾದಾಗ ಕುಬಿಹಾಳದ ತವರಿನಿಂದ ತಂದದ್ದು. ಎಣ್ಣೆ ಕುಡಿದು ಕುಡಿದು ಕಪ್ಪಗೆ ಹೊಳೆಯುವ, ಕಾಲಿಗೆ ಬಳೆ ತೊಡಿಸಿದಂತೆ ಕೆತ್ತನೆ ಇರುವ ಸಾಮಾನು. ಬಡಿಗನ ಹೆಂಡತಿಯಾಗಿ ಇಷ್ಟು ವರ್ಷ ಬಾಳಿದರೂ ಹೊಸದೊಂದು ಮಾಡಿಕೊಡಿ ಎಂದು ಕೇಳಿದವಳಲ್ಲ.

ಮೊಣಕಾಲು ನೋವು ಜೋರಾದಾಗ ಹುಬ್ಬಳ್ಳಿಯ ಡಾಕ್ಟರು ನೆಲದ ಮೇಲೆ ಕೂರುವುದು ಬಂದ್ ಎಂದುಬಿಟ್ಟರು. ಅಂದಿನಿಂದ ಅವಳ ಊಟ ಒಳಕೋಣೆಯಲ್ಲಿ ಮಲಗುವ ಹೊರಸಿನ ಮೇಲೆ. ಕಾಲು ಕೆಳಗೆ ಬಿಟ್ಟು, ಬಾಜುಕ್ಕೆ ಅಡ್ಡಣಿಗೆ ಇಟ್ಟುಕೊಂಡು, ನಡ ತಿರುವಿ, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ನಾವು ನಡುಮನೆಯಲ್ಲಿ. ರೊಟ್ಟಿ ಬುಟ್ಟಿ ಅನಾಥವಾಯಿತು. ಬಸು ಫೋನು ನೋಡುತ್ತ ಉಣ್ಣುವನು, ಕವಿತಾ ಬೇಗ ಬೇಗ ಮುಗಿಸಿ ಏಳುವಳು, ನಾನು ಬೇಕಾದಷ್ಟು ಉಪ್ಪಿನಕಾಯಿ ಹಾಕಿಕೊಳ್ಳುವೆ. ಬೈಯುವವರಿಲ್ಲದ ಉಪ್ಪಿನಕಾಯಿಗೆ ರುಚಿ ಇರಲಿಲ್ಲ. ಬರಬರುತ್ತ ಅವಳ ಗಂಗಾಳದಲ್ಲಿ ರೊಟ್ಟಿ ಹಾಗೇ ತಿರುಗಿ ಬರತೊಡಗಿತು. ಕೇಳಿದರೆ, “ಹಸಿವಿಲ್ರಿ.” ಕವಿತಾ ಅವಳ ಜೊತೆ ಒಳಗೆ ಕೂತು ಉಣ್ಣುತ್ತೇನೆಂದರೆ ಅದಕ್ಕೂ ಬೈದು ಕಳಿಸುವಳು. ನೋಡುನೋಡುತ್ತ ಕೈಬಳೆಗಳು ಸಡಿಲಾಗಿ ಮೊಣಕೈ ತನಕ ಸರಿಯತೊಡಗಿದವು. ನನಗೆ ಹೆದರಿಕೆಯಾಯಿತು.

ಬಸು ಹುಬ್ಬಳ್ಳಿಯಿಂದ ತಯಾರು ಮೇಜು ತರುತ್ತೇನೆಂದ. ನನ್ನ ಅಭಿಮಾನ ಕೆರಳಿತು. ನಾನಿರುವಾಗ ನನ್ನ ಹೆಂಡತಿಗೆ ಯಾರದೋ ಮೇಜೇ! ಹಳೆಯ ಮನೆಯೊಂದನ್ನು ಕೆಡವಿದಾಗ ಸಿಕ್ಕಿದ ಸಾಗವಾನಿ ತೊಲೆ ಒಂದನ್ನು ನಾನು ಬಹಳ ದಿನದಿಂದ ಮುಚ್ಚಿಟ್ಟಿದ್ದೆ. ಒಬ್ಬರ ತಲೆಯ ಮೇಲೆ ಅಷ್ಟು ಕಾಲ ಸೂರು ಹೊತ್ತ ಕಟ್ಟಿಗೆ ಇನ್ನು ತಿರುಚುವುದಿಲ್ಲ, ಸೀಳುವುದಿಲ್ಲ. ರಂದದ ಮೊದಲ ಎಳೆತಕ್ಕೇ ಒಳಗಿನ ಹೊಂಬಣ್ಣ ಕಂಡಿತು, ಆ ವಾಸನೆ ಬಂತು. ಎಣ್ಣೆಯೂ ಅಲ್ಲದ, ಹೊಗೆಯೂ ಅಲ್ಲದ ವಾಸನೆ. ಮಷೀನು ಮುಟ್ಟುವುದಿಲ್ಲ ಎಂದು ಹಟ ಹಿಡಿದೆ. ಕಾಲಿಗೆ ಚೌಕ ತೂತು, ಅಡ್ಡಪಟ್ಟಿಗೆ ಅದರಲ್ಲಿ ಬಿಗಿಯಾಗಿ ಕೂರುವ ನಾಲಿಗೆ, ಎರಡನ್ನೂ ಹಿಡಿಯಲು ಬಿದಿರಿನ ಮೊಳೆ. ಕಬ್ಬಿಣ ಒಂದು ಚೂರೂ ಇಲ್ಲ. ಅಂಗಡಿಯ ಸಿಮೆಂಟು ನೆಲದ ಮೇಲೆ ಮೇಜು ಬಂಡೆಯಂತೆ ನಿಂತಿತು. ಬಸು ಅದರ ಮೇಲೆ ಕೈಯಾಡಿಸಿ “ಹ್ಞೂಂ” ಎಂದ. ಉಸ್ತಾದರ ‘ಹ್ಞೂಂ’ ಮಗನ ಬಾಯಲ್ಲಿ ಕೇಳಿ ಆವತ್ತೂ ಮನೆಗೆ ಹಾಡುತ್ತ ಹೋದೆ.

ಆಗತಾನೇ ಮಳೆ ಹಿಡಿದಿತ್ತು. ನಾಲ್ಕು ಮಂದಿ ಹೊತ್ತು ಮೇಜನ್ನು ನಡುಮನೆಗೆ ತಂದರು. ಇಳಿಸಿದ ಕೂಡಲೇ ‘ಟಕ್’ ಎಂದಿತು. ಈ ಮೂಲೆ ಒತ್ತಿದರೆ ಆ ಮೂಲೆ ಏಳುತ್ತದೆ, ಆ ಮೂಲೆ ಒತ್ತಿದರೆ ಈ ಮೂಲೆ. ಪರಸಿ ಕಲ್ಲುಗಳು ಮಳೆಗೆ ಎದ್ದು ಕೂತಿದ್ದವು. ಜೀವಮಾನವಿಡೀ ಕಂಡವರ ಮನೆಯ ನೆಲ ನೋಡಿದವನು ನನ್ನ ಮನೆಯ ನೆಲ ನೋಡಿರಲಿಲ್ಲ! ರಟ್ಟು ಮಡಚಿ ತುರುಕಿದೆ. ಎಲ್ಲರೂ ಕೂತೆವು. ಸಂಗವ್ವ ಗೋಡೆ ಹಿಡಿದು ಮೆಲ್ಲಗೆ ಬಂದು ಕುರ್ಚಿಯಲ್ಲಿ ಕೂತಳು. ಕವಿತಾ ಅತ್ತೆಯ ಮುಂದೆ ಅಡ್ಡಣಿಗೆ ಇಟ್ಟು, ಮೇಲೆ ಗಂಗಾಳ ಇಟ್ಟಳು.

ಗಂಗಾಳ ಅವಳ ಗದ್ದಕ್ಕೆ ಬಂತು. ಗೌಡರ ಮನೆಯ ಅಜ್ಜಿ ಕಣ್ಣ ಮುಂದೆ ಬಂದು ನಿಂತಂತಾಯಿತು. ಈ ಸಲ ನನಗೆ ನಗು ಬರಲಿಲ್ಲ.

“ಅತ್ತೀ, ಒಂದ ಸಲ ಅಡ್ಡಣಿಗಿ ಬಿಟ್ಟ ನೋಡ್ರೆಲಾ,” ಎಂದಳು ಕವಿತಾ.

“ಬುದ್ಧಿ ಬಂದಾಗಿಂದ ಅದರ ಮ್ಯಾಲ ಉಂಡೇನವಾ. ಅದಿಲ್ಲಾಂದ್ರ ತುತ್ತ ಇಳಿಯಂಗಿಲ್ಲ,” ಎಂದು ಸಂಗವ್ವ ಕೈ ಮೇಲೆತ್ತಿ ರೊಟ್ಟಿ ಮುರಿದಳು. ಅಷ್ಟಕ್ಕೇ ರಟ್ಟು ಜಾರಿ ಮೇಜು ಒಮ್ಮೆ ತಲೆದೂಗಿತು. ಅಡ್ಡಣಿಗೆ ಸರಿದು ಸಾರು ಅವಳ ಸೀರೆಯ ಮೇಲೆ ಚೆಲ್ಲಿತು. ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ನನ್ನ ಮುಖ ನೋಡಿ, “ಮೇಜ ಭಾಳ ಛಂದ ಆಗೇತ್ರಿ. ನೀವೆಲ್ಲಾ ಉಣ್ರಿ. ನನಗ ಹೊರಸ ಬೇಷ ಐತಿ,” ಎಂದು ಎದ್ದು ಒಳಗೆ ಹೋದಳು.

ನನಗೆ ಊಟ ಸೇರಲಿಲ್ಲ. ಅಡ್ಡಣಿಗೆ ಬಿಡು ಎಂದು ಅವಳಿಗೆ ಜುಲುಮೆ ಮಾಡಬಹುದಿತ್ತು. ಪೂಜೆಯಾದ ಚೌಕಟ್ಟಿಗಾಗಿ ಗೋಡೆ ಒಡೆಸಿದ ಯಜಮಾನರು ನೆನಪಾದರು. ಒಡೆಯಬೇಕಾದದ್ದು ಅವಳ ಪದ್ಧತಿಯಲ್ಲ, ನನ್ನ ಮೇಜು ಎನ್ನಿಸಿತು. ಆದರೆ ಒಡೆದು ಏನು ಮಾಡಬೇಕೆಂದು ಹೊಳೆಯಲಿಲ್ಲ.

ಹೊಳೆದದ್ದು ಹಿತ್ತಲಲ್ಲಿ. ಮರುದಿನ ಬಿಸಿಲು ಬಿದ್ದಾಗ ಕವಿತಾ ಅಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅವಳು ಕೂತದ್ದು ನಾನೇ ಮಾಡಿದ ನಾಲ್ಕು ಕಾಲಿನ ಸಣ್ಣ ಸ್ಟೂಲಿನ ಮೇಲೆ. ಒಂದು ಕಾಲಿನ ಕೆಳಗೆ ಹೆಂಚಿನ ಚೂರು ಇಟ್ಟಿದ್ದರೂ ತಿಕ್ಕಿದಾಗೊಮ್ಮೆ ಅದು ಕುಣಿಯುತ್ತಿತ್ತು. ಅವಳ ಬಾಜು, ಡೊಂಕುಡೊಂಕಾದ ಒಗೆಯುವ ಕಲ್ಲಿನ ಮೇಲೆ, ತೊಳೆದಿಟ್ಟ ಅಡ್ಡಣಿಗೆ. ನಾನು ಬೆರಳಿನಿಂದ ಒತ್ತಿದೆ. ಅಲುಗಲಿಲ್ಲ. ಇನ್ನೊಂದು ಕಡೆ ತಿರುಗಿಸಿಟ್ಟು ಒತ್ತಿದೆ. ಅಲುಗಲಿಲ್ಲ. ಮೂರು ಕಾಲು! ಕಲ್ಲು ಎದ್ದರೂ ಬಿದ್ದರೂ ಮೂರು ಕಾಲಿಗೆ ನೆಲ ಸಿಕ್ಕೇ ಸಿಗುತ್ತದೆ. ಇಷ್ಟು ವರ್ಷ ನನ್ನ ಕಣ್ಣೆದುರೇ ದಿನಾ ಊಟಕ್ಕೆ ಬರುತ್ತಿದ್ದ ಸಾಮಾನು ಅದು. ಉಸ್ತಾದರು ಇದ್ದಿದ್ದರೆ ತಂಬಿಗೆ ನೀರನ್ನು ನನ್ನ ತಲೆಯ ಮೇಲೆ ಸುರಿಯುತ್ತಿದ್ದರು.

ಅಡ್ಡಣಿಗೆಯನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡು, ಯಾರಿಗೂ ಹೇಳದೆ ಅಂಗಡಿಗೆ ಓಡಿದೆ.

“ಬಸು, ಇದನ್ನ ದೊಡ್ಡದ ಮಾಡೋಣು.”

ಬಸು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. “ಮೂರ ಕಾಲಿಂದ ಅಳ್ಳಾಡಂಗಿಲ್ಲ ಖರೇ. ಆದ್ರ ಎರಡ ಕಾಲಿನ ನಡುವ ಯಾರರ ಮೊಳಕೈ ಊರಿದ್ರ ಬೋರಲ ಬೀಳತೈತಿ ಅಪ್ಪಾ.”

ಒಂದು ದುಂಡು ಪ್ಲೈವುಡ್ಡಿಗೆ ಮೂರು ಕೋಲು ಹೊಡೆದು, ಊರಿ ತೋರಿಸಲು ಹೋದ. ಮಾತು ಮುಗಿಯುವ ಮುಂಚೆ ಮೇಜು, ಚಹಾದ ಗ್ಲಾಸು, ಬಸು, ಮೂವರೂ ನೆಲದ ಮೇಲಿದ್ದರು. ಅಂಗಡಿಯ ಹುಡುಗರೆಲ್ಲ ಕೇಕೆ ಹಾಕಿ ನಕ್ಕರು. ಬಸು ಚಹಾ ಒರೆಸಿಕೊಳ್ಳುತ್ತ, “ಹೇಳಿದ್ನಿಲ್ಲೋ?” ಎಂದ.

ಮತ್ತೆ ಅಡ್ಡಣಿಗೆಯನ್ನೇ ನೋಡಿದೆವು. ಅದರ ಕಾಲುಗಳು ನೆಟ್ಟಗೆ ಇರಲಿಲ್ಲ. ಕೆಳಕ್ಕೆ ಹೋಗುತ್ತ ಹೊರಕ್ಕೆ ಚಾಚಿ, ಪಾದಗಳು ಪೀಠದ ಅಂಚನ್ನೂ ದಾಟಿದ್ದವು. ಕುಸ್ತಿಗೆ ಕಾಲು ಹಾಸಿ ನಿಂತ ಪೈಲ್ವಾನನಂತೆ. ಕುಬಿಹಾಳದ ಯಾವ ಬಡಿಗನೋ ಎಲ್ಲ ಯೋಚಿಸಿಯೇ ಮಾಡಿದ್ದ. ಅದೇ ಇಳಿಜಾರನ್ನು ಹಿಡಿದು ಬಸು ಲೆಕ್ಕ ಹಾಕಿದ, ನಾನು ಗೆರೆ ಎಳೆದೆ. ಪಾದಗಳು ಅಂಚಿನಾಚೆ ಬಂದಮೇಲೆ ಬಸು ಎಲ್ಲಿ ಊರಿದರೂ ಮೇಜು ಏಳಲಿಲ್ಲ. ಕೊನೆಗೆ ಇಬ್ಬರು ಹುಡುಗರು ಹತ್ತಿ ಕೂತರೂ ಏಳಲಿಲ್ಲ.

ಈ ಸಡಗರದಲ್ಲಿ ಅಡ್ಡಣಿಗೆ ಅಂಗಡಿಯಲ್ಲೇ ಉಳಿದದ್ದು ಮರೆತುಹೋಯಿತು. ಮನೆಯಲ್ಲಿ ಅದಕ್ಕಾಗಿ ಹಿತ್ತಲು, ಅಟ್ಟ, ಕಾಳಿನ ಹಗೇವು ಎಲ್ಲ ಜಾಲಾಡಿದ್ದರು. ಸಂಗವ್ವ ಮಧ್ಯಾಹ್ನದ ಊಟ ಮುಟ್ಟಿರಲಿಲ್ಲ. ನಾನು ವಲ್ಲಿ ಬಿಚ್ಚಿ ಕೊಟ್ಟಾಗ ಅವಳು ಅದರ ಮೇಲಿನ ಕಟ್ಟಿಗೆ ಹೊಟ್ಟನ್ನು ಸೆರಗಿನಿಂದ ಒರೆಸುತ್ತ ಕೇಳಿದಳು. “ಏನ್ ಮಾಡಿದ್ರಿ ಇದಕ್ಕ?”

“ಏನಿಲ್ಲ, ಅಳತಿ ತಗೊಂಡೆ.”

“ಮುದುಕರಾದಂಗ ಬುದ್ಧಿ ಹಿಂದ ಹೊಂಟೇತಿ ನಿಮಗ,” ಎಂದಳು. ಬಹಳ ದಿನಗಳ ಮೇಲೆ ಬೈದಳು. ನನಗೆ ಹಬ್ಬವಾಯಿತು.

ನಾಲ್ಕು ಕಾಲಿನ ಮೇಜನ್ನು ತಿರುಗಿ ಅಂಗಡಿಗೆ ಒಯ್ದು ಬಿಚ್ಚಿದೆ. ಬಿದಿರಿನ ಮೊಳೆಗಳನ್ನು ಹಿಂದಿನಿಂದ ತಟ್ಟಿದರೆ ಒಂದೊಂದಾಗಿ ಹೊರಬಂದವು. ಮೇಜು ಮುರಿಯದೆ ಹಲಗೆ ಹಲಗೆಯಾಗಿ ಕಳಚಿಕೊಂಡಿತು. ಸ್ಕ್ರೂ ಹಾಕಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಬಸುವಿಗೆ ಒಂದು ಮಾತು ಹೇಳದೆ ಬಿಡಲಿಲ್ಲ. ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ ಹಾಸು ಅಗಲ ಮಾಡಿದೆ. ಅದನ್ನು ದುಂಡಗೆ ಕತ್ತರಿಸುವಾಗ ಬಸು ಮಷೀನು ತಂದು ಎದುರಿಗೆ ನಿಂತ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. “ಹಾಕು,” ಎಂದೆ. ಹಟ ಮಾಡಲು ಅದು ಹೊತ್ತಲ್ಲ, ಮನೆಯಲ್ಲಿ ಒಬ್ಬಳು ಗೋಡೆ ನೋಡುತ್ತ ಉಣ್ಣುತ್ತಿದ್ದಳು. ಕಾಲುಗಳನ್ನು ಮಾತ್ರ ಕೈಯಿಂದಲೇ ಕೆತ್ತಿದೆ. ಅವಳ ಅಡ್ಡಣಿಗೆಗೆ ಇದ್ದ ಹಾಗೇ ನಡುವೆ ಉಬ್ಬಿದ ಗುಂಬು, ಅದರ ಕೆಳಗೆ ಬಳೆಗಳು. ಎತ್ತರವನ್ನು ಅವಳು ಕುರ್ಚಿಯಲ್ಲಿ ಕೂತಾಗಿನ ಮೊಳಕೈಗೆ ಸರಿಮಾಡಿದೆ. ಅದಕ್ಕೆ ಟೇಪು ಬೇಕಾಗಲಿಲ್ಲ. ಒಂದು ಬಿದಿರಿನ ಕೋಲು ಹಿಡಿದು, ಅವಳು ಕಿಟಕಿಯ ಹತ್ತಿರ ಕೂತು ಅಕ್ಕಿ ಆರಿಸುವಾಗ ಕಚ್ಚು ಹಾಕಿಕೊಂಡೆ. ಇದಕ್ಕೂ ಬೈದಳು.

ಮೇಜು ಮನೆಗೆ ತರುವ ದಿನ ನಾನು ಒಳಗೆ ಹೋಗಿ ಒಂದು ತಂಬಿಗೆ ನೀರು ಕೇಳಿದೆ. ಒಂದು ಗುಟುಕು ಕುಡಿದು, ಉಳಿದದ್ದನ್ನು ನಡುಮನೆಯಲ್ಲಿ ಸುರಿದೆ. “ಅಯ್ಯ, ಈಗರ ಒರಸೇನ್ರಿ ಮಾವಾರ!” ಎಂದಳು ಕವಿತಾ. ನೀರು ಕಿಟಕಿಯ ಕಡೆ ಓಡಿ ಕಂಬದ ಬುಡದಲ್ಲಿ ನಿಂತಿತು. ನೋಡಿ ಬದಲಿಸುವಂಥದ್ದು ಏನೂ ಇರಲಿಲ್ಲ. ಉಸ್ತಾದರಿಗೆ ಲೆಕ್ಕ ಒಪ್ಪಿಸಿದೆ, ಅಷ್ಟೆ.

ಮೇಜು ಇಳಿಸಿದೆವು. ‘ಟಕ್’ ಎನ್ನಲಿಲ್ಲ. ಬಸು ಸುತ್ತಲೂ ಒತ್ತಿ ನೋಡಿದ. ಎಲ್ಲೂ ಅಲುಗಲಿಲ್ಲ.

ಸಂಗವ್ವ ಗೋಡೆ ಹಿಡಿದು ಬಂದಳು. ಮೊದಲು ಮೇಜಿನ ಮೇಲ್ಮೈ ನೋಡಲಿಲ್ಲ, ಕಾಲು ನೋಡಿದಳು. ಮೆಲ್ಲಗೆ ಬಾಗಿ ಆ ಬಳೆಗಳ ಮೇಲೆ ಕೈಯಾಡಿಸಿದಳು. ಕುರ್ಚಿಯಲ್ಲಿ ಕೂತಳು. ಅಷ್ಟರಲ್ಲಿ ಕವಿತಾ ರೂಢಿಯಂತೆ ಅಡ್ಡಣಿಗೆ ತಂದು ಮೇಜಿನ ಮೇಲೆ ಇಡಲು ಹೋದಳು. ಎಲ್ಲ ಮತ್ತೆ ಕೆಟ್ಟಿತು ಎಂದುಕೊಂಡೆ.

ಸಂಗವ್ವ ಕೈ ಅಡ್ಡ ಹಿಡಿದಳು. “ಅದನ್ಯಾಕ ಇಡ್ತೀ?”

“ನಿಮಗ ಬೇಕಲ್ರಿ ಅತ್ತಿ...”

“ಹುಚ್ಚಿ. ಅಡ್ಡಣಿಗಿ ಮ್ಯಾಲ ಯಾರರ ಅಡ್ಡಣಿಗಿ ಇಡ್ತಾರೇನು?”

ಗಂಗಾಳವನ್ನು ತಾನೇ ತೆಗೆದು ಮೇಜಿನ ಮೇಲೆ ಇಟ್ಟುಕೊಂಡಳು. ಕುಬಿಹಾಳದ ಅಡ್ಡಣಿಗೆಯನ್ನು ದೇವರ ಕೋಣೆಗೆ ಕಳಿಸಿದಳು. ಈಗ ದೇವರಿಗೆ ಎಡೆ ಹಿಡಿಯುವುದು ಅದರ ಮೇಲೆಯೇ.

ಕೆಲಸ ಕಲಿಯಲು ಬರುವ ಹುಡುಗರಿಗೆ ನನ್ನ ಹತ್ತಿರ ಇರುವುದು ಇಷ್ಟೇ. ಮಷೀನು ಯಾವುದಾದರೂ ಕೊಳ್ಳಿರಿ. ಹೋದ ಮನೆಯಲ್ಲಿ ಮೊದಲು ಒಂದು ತಂಬಿಗೆ ನೀರು ಕೇಳಿರಿ. ಆಮೇಲೆ ಆ ಮನೆಯವರು ಹೇಗೆ ಉಣ್ಣುತ್ತಾರೆ ಎಂದು ಕೂತು ನೋಡಿರಿ. ಟೇಪು ಆಮೇಲೆ ತೆಗೆಯಿರಿ.

ಆವತ್ತಿನ ಊಟದಲ್ಲಿ ನಾನು ತಲೆ ತಗ್ಗಿಸಿಯೇ ಉಂಡೆ, ಕಣ್ಣು ಒದ್ದೆಯಾಗಿದ್ದು ಯಾರಿಗೂ ಕಾಣಬಾರದೆಂದು. ರೊಟ್ಟಿ ಬುಟ್ಟಿ ಅವಳ ಬಾಜು ಬಂದು ಕೂತಿತ್ತು. ನನ್ನ ಕೈ ಉಪ್ಪಿನಕಾಯಿಯ ಭರಣಿಗೆ ಹೋಯಿತು.

“ಬಸು, ಫೋನ ಕೆಳಗಿಡು. ಕವಿತಾ, ನೀನೂ ಕುಂದ್ರ, ನಿಂತ ಉಣ್ಣಬ್ಯಾಡ. ರೀ, ಆ ಉಪ್ಪಿನಕಾಯಿ ಇಕಾಡಿ ಕೊಡ್ರಿ,” ಎಂದಳು ಸಂಗವ್ವ. ಭರಣಿ ಕಿತ್ತುಕೊಂಡು, ತನ್ನ ಗಂಗಾಳಕ್ಕೆ ಇನ್ನೊಂದು ರೊಟ್ಟಿ ಹಾಕಿಕೊಂಡಳು.